ಕಾರ್ಬನ್ ಫೈಬರ್‌ಗೆ ತೂತು ಕೊರೆಯೋ ಮುನ್ನ: ಹಾಳೆಯಲ್ಲಿ ಉಳಿಯೋದೇನು, ಗಾಳಿಗೆ ಹಾರೋದೇನು

  ಇವತ್ತಿನ ವಿಷಯ ಗ್ಯಾರೇಜಿನದು. ಮನೆಯಲ್ಲೇ ಕಾರಿನ ಬಿಡಿಭಾಗ ಮಾಡಿಕೊಳ್ಳುವವರು ಕಾರ್ಬನ್ ಫೈಬರ್ ಹಾಳೆಗೆ ಡ್ರಿಲ್ ಹಾಕಿದಾಗ ಏನಾಗುತ್ತೆ ಅನ್ನೋದು.

ಜೀವಶಾಸ್ತ್ರ ಓದಿದವರಿಗೆ ಡ್ರಿಲ್ಲಿನ ಉಸಾಬರಿ ಯಾಕಪ್ಪಾ ಅಂತ ನೀವು ಕೇಳಬಹುದು. ಎರಡು ಕಾರಣ ಇದೆ. ಈ ಹಾಳೆ ನೋಡೋಕೆ ಲೋಹದ ತಗಡಿನ ಹಾಗೆ ಕಂಡರೂ ಒಳಗಿನ ರಚನೆಯಲ್ಲಿ ಬಿದಿರಿಗೆ, ಮೂಳೆಗೆ ಹತ್ತಿರದ ನೆಂಟ. ಎರಡನೆಯದು, ಕೊರೆದಾಗ ಉದುರುವ ಕಪ್ಪು ಪುಡಿ ಹೋಗಿ ಸೇರಬಹುದಾದ ಜಾಗಗಳಲ್ಲಿ ಒಂದು ನಮ್ಮ ಶ್ವಾಸಕೋಶ. ಹಾಗಾಗಿ ಇವತ್ತು ಎರಡೇ ಪ್ರಶ್ನೆ ಇಟ್ಟುಕೊಂಡು ಹೋಗೋಣ. ತೂತು ಕೊರೆದ ಮೇಲೆ ಹಾಳೆಯಲ್ಲಿ ಏನು ಉಳಿಯುತ್ತೆ? ತೂತಿನಿಂದ ಹೊರಗೆ ಬಂದದ್ದು ಎಲ್ಲಿಗೆ ಹೋಗುತ್ತೆ?

ಇದು ಬರೀ ರೇಸ್ ಕಾರಿನವರ ಚಿಂತೆ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಕಿಟ್ ಕಾರು ತರಿಸಿ ಮನೆಯಲ್ಲೇ ಜೋಡಿಸೋದು ಹಳೆಯ ಹವ್ಯಾಸ. ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ ವಾರಾಂತ್ಯ ಬಂದರೆ ಗ್ಯಾರೇಜ್ ಬಾಗಿಲು ತೆಗೆದು ಹಳೆ ಕಾರು ಬಿಚ್ಚಿ ಕೂರುವವರು ಬೇಕಾದಷ್ಟು ಜನ, ಅವರಲ್ಲಿ ನಮ್ಮವರೂ ಇದ್ದಾರೆ. ಭಾರತದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಸ್ಪರ್ಧೆಗೆ ಕಾರು ಕಟ್ಟುವ ಹುಡುಗ ಹುಡುಗಿಯರಿದ್ದಾರೆ, ಕರ್ನಾಟಕದ ತಂಡಗಳೂ ಅದರಲ್ಲಿವೆ. ಎರಡು ಮಿಲಿಮೀಟರ್ ದಪ್ಪದ ಸಿದ್ಧ ಕಾರ್ಬನ್ ಹಾಳೆ ಈಗ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತೆ. ಡ್ಯಾಶ್‌ಬೋರ್ಡಿನ ಸ್ವಿಚ್ ಪಟ್ಟಿ, ಬಾಗಿಲ ಒಳಮುಖ, ಕನ್ನಡಿಯ ಬುಡ, ಗಾಳಿ ಹಾಯಿಸುವ ಡಕ್ಟ್, ಹೀಗೆ ಏನು ಮಾಡಿದರೂ ಕೊನೆಗೆ ಬೋಲ್ಟ್ ಹಾಕಲು ತೂತು ಬೇಕೇ ಬೇಕು.

ಮೊದಲು ಈ ವಸ್ತುವಿನ ಕುಲಗೋತ್ರ ಸ್ವಲ್ಪ ನೋಡೋಣ. ಕಾರ್ಬನ್ ಎಳೆಯ ಕಥೆ ಶುರುವಾಗೋದು ದೀಪದಿಂದ. ಥಾಮಸ್ ಎಡಿಸನ್ 1880ರ ಸುಮಾರಿಗೆ ತನ್ನ ಬಲ್ಬಿನ ಎಳೆಗೆ ಬಿದಿರನ್ನು ಸುಟ್ಟು ಇಂಗಾಲವಾಗಿಸಿ ಬಳಸಿದ್ದ. ಅದು ಬೆಳಕು ಕೊಡುತ್ತಿತ್ತು, ಬಲ ಇರಲಿಲ್ಲ. 1958ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯ ವಿಜ್ಞಾನಿ ರೋಜರ್ ಬೇಕನ್ ಅತಿ ಬಲವಾದ ಗ್ರಾಫೈಟ್ ಎಳೆಗಳನ್ನು ಮಾಡಿ ತೋರಿಸಿದರು. 1960ರ ದಶಕದ ಶುರುವಿನಲ್ಲಿ ಜಪಾನಿನ ಅಕಿಯೋ ಶಿಂಡೋ ಪಾಲಿಅಕ್ರಿಲೋನೈಟ್ರೈಲ್ ಎಂಬ ಪ್ಲಾಸ್ಟಿಕ್ ಎಳೆಯಿಂದ ಕಾರ್ಬನ್ ಎಳೆ ತೆಗೆದರು. ನಂತರ ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಅದಕ್ಕೆ ಇನ್ನಷ್ಟು ಬಲ ಬಂತು. ಇವತ್ತಿಗೂ ದಾರಿ ಹೆಚ್ಚುಕಡಿಮೆ ಅದೇ. ಪ್ಲಾಸ್ಟಿಕ್ ಎಳೆಯನ್ನು 200ರಿಂದ 300 ಡಿಗ್ರಿಯಲ್ಲಿ ಹದ ಮಾಡಿ, ಆಮೇಲೆ ಆಮ್ಲಜನಕ ಇಲ್ಲದ ಕುಲುಮೆಯಲ್ಲಿ 1,000 ಡಿಗ್ರಿಗೂ ಮೀರಿ ಕಾಯಿಸಿದರೆ ಉಳಿಯೋದು ಬಹುಪಾಲು ಇಂಗಾಲ.

ಕಾರಿನ ಲೋಕದಲ್ಲಿ ಇದು ದೊಡ್ಡ ಹೆಸರು ಮಾಡಿದ್ದು 1981ರಲ್ಲಿ. ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಮೆಕ್‌ಲಾರೆನ್ ಎಂಪಿ4/1 ಫಾರ್ಮುಲಾ ಒನ್ ಕಾರಿನ ಒಡಲು ಪೂರ್ತಿ ಕಾರ್ಬನ್ ಫೈಬರಿನದು. ಅಪಘಾತವಾದರೆ ಪುಡಿಪುಡಿಯಾಗುತ್ತೆ ಅಂತ ಅನುಮಾನ ಪಟ್ಟವರು ಇದ್ದರು. ಅದೇ ವರ್ಷ ಇಟಲಿಯ ಮೊಂಜಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಆ ಕಾರು ಭಾರಿ ವೇಗದಲ್ಲಿ ತಡೆಗೋಡೆಗೆ ಬಡಿದು, ಎಂಜಿನ್ನೇ ಕಿತ್ತುಹೋಯಿತು. ವಾಟ್ಸನ್ ಮಾತ್ರ ಎದ್ದು ನಡೆದುಕೊಂಡು ಬಂದರು. ನಮ್ಮ ಬೆಂಗಳೂರಿನಲ್ಲಿ ಎಚ್‌ಎಎಲ್ ಕಟ್ಟುವ ತೇಜಸ್ ಯುದ್ಧವಿಮಾನದ ದೇಹದ ತೂಕದಲ್ಲಿ ಸುಮಾರು 45 ಪಾಲು ಇಂಥ ಸಂಯುಕ್ತ ವಸ್ತುವೇ. ಇಷ್ಟು ಗಟ್ಟಿ ಇರೋ ವಸ್ತುವಿಗೆ ಮೂವತ್ತು ಡಾಲರಿನ ಕೈ ಡ್ರಿಲ್ ಏನು ಕೆಡುಕು ಮಾಡೀತು?

ಮಾಡುತ್ತೆ. ಯಾಕೆ ಅಂದ್ರೆ ಈ ಗಟ್ಟಿತನ ಎಲ್ಲ ದಿಕ್ಕಿಗೂ ಒಂದೇ ಅಲ್ಲ. ಒಂದು ಕಾರ್ಬನ್ ಎಳೆಯ ದಪ್ಪ 5ರಿಂದ 7 ಮೈಕ್ರಾನ್. ತಲೆಕೂದಲು ಸುಮಾರು 70 ಮೈಕ್ರಾನ್ ಅಂತಿಟ್ಟುಕೊಂಡರೆ ಅದರ ಹತ್ತನೇ ಒಂದು ಪಾಲು. ಇಂಥ 3,000 ಎಳೆ ಸೇರಿದರೆ ಒಂದು ನೂಲು. ಆ ನೂಲನ್ನು ಹಾಸುಹೊಕ್ಕಾಗಿ, ಜೀನ್ಸ್ ಬಟ್ಟೆಯಂತೆ ಓರೆ ಗೆರೆ ಕಾಣೋ ಹಾಗೆ ನೇಯುತ್ತಾರೆ. ಆ ಬಟ್ಟೆಯನ್ನು ಪದರ ಪದರವಾಗಿ ಜೋಡಿಸಿ, ನಡುವೆ ಎಪಾಕ್ಸಿ ಅನ್ನೋ ಅಂಟು ತುಂಬಿ ಒಣಗಿಸಿದರೆ ನಮ್ಮ ಹಾಳೆ ತಯಾರು. ಎರಡು ಮಿಲಿಮೀಟರ್ ದಪ್ಪದಲ್ಲಿ ಇಂಥ ಎಂಟು ಪದರ ಇರುತ್ತವೆ ಅಂದುಕೊಳ್ಳಿ. ಎಳೆಯ ಉದ್ದಕ್ಕೆ ಎಳೆದರೆ ಉಕ್ಕನ್ನೂ ಮೀರಿಸುತ್ತೆ. ಪದರ ಮತ್ತು ಪದರದ ನಡುವೆ ಮಾತ್ರ ಎಳೆ ಇಲ್ಲ, ಅಲ್ಲಿ ಹಿಡಿದಿರೋದು ಬರೀ ಅಂಟು. ಚಿರೋಟಿ ನೆನಪಿಸಿಕೊಳ್ಳಿ. ಮೇಲಿನಿಂದ ಬೆರಳಲ್ಲಿ ಒತ್ತಿದರೆ ಪದರಗಳು ಹೇಗೆ ಬಿಟ್ಟುಕೊಳ್ಳುತ್ತವೆ! ಕಾರ್ಬನ್ ಹಾಳೆಯ ದೌರ್ಬಲ್ಯವೂ ಅಲ್ಲೇ ಇರೋದು.

ಈಗ ಡ್ರಿಲ್ ಬಿಟ್ಟಿನ ತುದಿಗೆ ಬರೋಣ. ಮಾಮೂಲಿ ತಿರುಚು ಬಿಟ್ಟಿನ ನಟ್ಟನಡುವೆ ಒಂದು ಮೊಂಡು ಅಂಚು ಇರುತ್ತೆ. ಅದು ಕತ್ತರಿಸೋದು ಕಡಿಮೆ, ಮುಂದಕ್ಕೆ ತಳ್ಳೋದು ಜಾಸ್ತಿ. ಉಕ್ಕಿನ ತಗಡಿನಲ್ಲಿ ಆ ತಳ್ಳುವಿಕೆಯನ್ನು ತಗಡು ತಡೆದುಕೊಳ್ಳುತ್ತೆ. ಕಾರ್ಬನ್ ಹಾಳೆಯಲ್ಲಿ ಬಿಟ್ ಆರು ಪದರ ಕತ್ತರಿಸಿ ಏಳನೆಯದಕ್ಕೆ ಬಂದಾಗ ಕೆಳಗೆ ಉಳಿದಿರೋದು ಎರಡೇ ಪದರ. ಅವುಗಳಿಗೆ ಹಿಂದಿನಿಂದ ಆಧಾರ ಇಲ್ಲ. ಕತ್ತರಿಸಿಕೊಳ್ಳುವ ಮೊದಲೇ ಅವು ಹಿಂದಕ್ಕೆ ಉಬ್ಬಿ, ಅಂಟು ಬಿಟ್ಟು, ಎಳೆ ಸಿಗಿದುಕೊಂಡು ಆಚೆ ಬರುತ್ತವೆ. ಮೇಲಿನಿಂದ ನೋಡಿದರೆ ತೂತು ದುಂಡಗೆ, ಚೊಕ್ಕವಾಗಿರುತ್ತೆ. ತಿರುಗಿಸಿ ನೋಡಿದರೆ ಹಿಂಬದಿ ಪೊರಕೆಯ ಹಾಗೆ ಕೆದರಿರುತ್ತೆ. ಕೆದರಿದ್ದು ಕಣ್ಣಿಗೆ ಕಾಣುತ್ತೆ, ಅದನ್ನು ಉಜ್ಜಿ ನುಣುಪು ಮಾಡಬಹುದು. ತೂತಿನ ಸುತ್ತ ಒಳಗೊಳಗೇ ಪದರ ಬಿಟ್ಟಿರೋದು ಕಾಣಲ್ಲ, ಉಜ್ಜಿದರೆ ಹೋಗೋದೂ ಇಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಬಟ್ಟೆಯಲ್ಲಿ ಒಂದು ನೂಲಿನ ಅಗಲ ಸುಮಾರು 2 ಮಿಲಿಮೀಟರ್. 6 ಮಿಲಿಮೀಟರ್ ತೂತು ಕೊರೆದರೆ ಒಂದು ಪದರದಲ್ಲಿ ಹಾಸಿನ ಮೂರು, ಹೊಕ್ಕಿನ ಮೂರು, ಒಟ್ಟು ಆರು ನೂಲು ತುಂಡಾಗುತ್ತೆ. ಅಂದ್ರೆ 18,000 ಎಳೆ. ಎಂಟು ಪದರಕ್ಕೆ 1,44,000. ಒಂದು ಬೋಲ್ಟಿಗಾಗಿ ನಾವು ಒಂದೂವರೆ ಲಕ್ಷದ ಹತ್ತಿರ ಎಳೆ ಕತ್ತರಿಸುತ್ತೇವೆ, ಆ ಎಳೆಗಳು ಹೊರುತ್ತಿದ್ದ ಭಾರವನ್ನೆಲ್ಲ ಪಕ್ಕದ ಎಳೆಗಳ ಮೇಲೆ ಹಾಕುತ್ತೇವೆ. ತಗಡಿನಲ್ಲಿ ದುಂಡು ತೂತಿದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತೆ ಅಂತ ಜರ್ಮನಿಯ ಕಿರ್ಶ್ 1898ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಲೋಹವಾದರೆ ಅಲ್ಲಿ ಸ್ವಲ್ಪ ಬಾಗಿ, ಹಿಗ್ಗಿ, ಹೊರೆಯನ್ನು ಸುತ್ತಮುತ್ತ ಹಂಚಿಬಿಡುತ್ತೆ. ಕಾರ್ಬನ್‌ಗೆ ಆ ಸೌಜನ್ಯ ಇಲ್ಲ. ತಡೆಯುವಷ್ಟು ತಡೆದು ಟಪ್ ಅಂತ ಮುರಿಯುತ್ತೆ.

ನಮ್ಮ ಮೂಳೆಯೂ ಎಳೆ ಮತ್ತು ತುಂಬುವಸ್ತು ಸೇರಿದ ಸಂಯುಕ್ತವೇ. ಮೂಳೆ ಶಸ್ತ್ರಚಿಕಿತ್ಸಕರು ದಿನಾ ಅದಕ್ಕೆ ಡ್ರಿಲ್ ಹಾಕುತ್ತಾರೆ. ಅವರಿಗಿರುವ ದೊಡ್ಡ ಭಯ ಬಿಸಿ. 47 ಡಿಗ್ರಿಯಲ್ಲಿ ಒಂದು ನಿಮಿಷ ಇದ್ದರೆ ಮೂಳೆಗೆ ಹಾನಿಯಾಗುತ್ತೆ ಅಂತ 1983ರಲ್ಲಿ ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ ಮೊಲಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದರು. ಹಾಗಾಗಿಯೇ ಚೂಪಾದ ಬಿಟ್, ಮೇಲಿಂದ ತಣ್ಣನೆ ನೀರು, ನಡುನಡುವೆ ಬಿಡುವು. ಕಾರ್ಬನ್ ಹಾಳೆಗೂ ಇದೇ ಮಾತು ಸಲ್ಲುತ್ತೆ. ಮನೆಯಲ್ಲಿ, ಕುಲುಮೆಯ ಬಿಸಿ ಕೊಡದೆ ಒಣಗಿಸಿದ ಅನೇಕ ಎಪಾಕ್ಸಿಗಳು 60ರಿಂದ 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗಲು ಶುರು. ಮೊಂಡು ಬಿಟ್ ಹಾಕಿ ಒತ್ತಿ ಹಿಡಿದರೆ ಆ ಬಿಸಿ ಕ್ಷಣದಲ್ಲಿ ಬರುತ್ತೆ. ಸುಟ್ಟ ವಾಸನೆ ಬಂತು ಅಂದರೆ ಅಂಟು ಕೆಟ್ಟಿತು ಅಂತಲೇ ಅರ್ಥ. ಒಂದೇ ವ್ಯತ್ಯಾಸ ಅಂದ್ರೆ, ಮೂಳೆಯ ತೂತು ಕೆಲವು ತಿಂಗಳಲ್ಲಿ ತುಂಬಿಕೊಳ್ಳುತ್ತೆ. ಹಾಳೆಯದು ನೀವು ಬಿಟ್ಟ ಹಾಗೇ ಇರುತ್ತೆ.

ಸರಿ, ಹಾಗಾದರೆ ಕೊರೆಯೋದು ಹೇಗೆ? ಹಾಳೆಯ ಕೆಳಗೆ ಒಂದು ಹಲಗೆ ಇಡಿ, ಬೇಡವಾದ ಪ್ಲೈವುಡ್ ತುಂಡು ಸಾಕು. ಊರಿನ ಬಡಗಿಗಳು ಮರಕ್ಕೆ ತೂತು ಹಾಕುವಾಗ ಹಿಂದೆ ಹಳೆ ರೀಪು ಕೊಡುತ್ತಾರಲ್ಲ, ಅದೇ ಉಪಾಯ. ಕೊನೆಯ ಪದರಕ್ಕೆ ಹಿಂದಿನಿಂದ ಆಧಾರ ಸಿಕ್ಕರೆ ಅದು ಉಬ್ಬಲ್ಲ. ಹಾಳೆ ಮತ್ತು ಹಲಗೆಯ ನಡುವೆ ಸಂದು ಇರದ ಹಾಗೆ ಕ್ಲ್ಯಾಂಪ್ ಬಿಗಿಯಿರಿ. ಎರಡೂ ಮುಖಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗುರುತು ಮಾಡಿ.

ಬಿಟ್ ವಿಷಯದಲ್ಲಿ ಜಿಪುಣತನ ಬೇಡ. ಕಾರ್ಬನ್ ಎಳೆ ಬಿಟ್ಟಿನ ಅಂಚನ್ನು ಉಪ್ಪುಕಾಗದದ ಹಾಗೆ ಸವೆಸುತ್ತೆ. ಮಾಮೂಲಿ ಹೈಸ್ಪೀಡ್ ಸ್ಟೀಲ್ ಬಿಟ್ ಕೆಲವೇ ತೂತಿಗೆ ಮೊಂಡಾಗುತ್ತೆ, ಮೊಂಡಾದ ಬಿಟ್ ಕತ್ತರಿಸೋ ಬದಲು ತಳ್ಳುತ್ತೆ, ಮತ್ತೆ ಅದೇ ಚಿರೋಟಿ ಕಥೆ. ಘನ ಕಾರ್ಬೈಡ್ ಬಿಟ್ ತಗೊಳ್ಳಿ. ದೊಡ್ಡ ತೂತು ಬೇಕಿದ್ದರೆ ಮೊದಲು ಸಣ್ಣದು ಕೊರೆದು ಹಂತಹಂತವಾಗಿ ಹಿಗ್ಗಿಸಿ, ಆಗ ಆ ಮೊಂಡು ನಡುವಂಚಿಗೆ ಕೆಲಸವೇ ಇರಲ್ಲ. ಬಿಟ್ ವೇಗವಾಗಿ ತಿರುಗಲಿ, ಕೈ ನಿಧಾನವಾಗಿ ಇಳಿಯಲಿ. ಆಚೆ ಬದಿ ಹತ್ತಿರ ಬಂದಾಗ ಒತ್ತೋದನ್ನು ಬಹುತೇಕ ಬಿಟ್ಟುಬಿಡಿ. ಸಾಧ್ಯವಿದ್ದರೆ ಕೈ ಡ್ರಿಲ್ ಬದಲು ಸ್ಟ್ಯಾಂಡಿನ ಡ್ರಿಲ್ ಬಳಸಿ, ಬಿಟ್ ವಾಲಿದರೆ ತೂತು ಮೊಟ್ಟೆ ಆಕಾರಕ್ಕೆ ತಿರುಗುತ್ತೆ.

ಕೊರೆದ ಮೇಲೆ ಪರೀಕ್ಷೆ ಮಾಡಿ. ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡ್ತೀವಲ್ಲ, ಹಾಗೆ ಒಂದು ನಾಣ್ಯದಿಂದ ತೂತಿನ ಸುತ್ತ ತಟ್ಟುತ್ತಾ ಬನ್ನಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತೆ, ಪದರ ಬಿಟ್ಟಿರುವ ಕಡೆ ಬೊದ್ದು ಸದ್ದು. ವಿಮಾನ ದುರಸ್ತಿಯವರೂ ಈ ತಟ್ಟು ಪರೀಕ್ಷೆ ಮಾಡುತ್ತಾರೆ. ಸದ್ದು ಸರಿಯಿದ್ದರೆ ತೂತಿನ ಒಳಗೋಡೆಗೆ ತೆಳುವಾಗಿ ಎಪಾಕ್ಸಿ ಸವರಿ, ನೀರು ಒಳಗೆ ಇಳಿಯದ ಹಾಗೆ ಮುಚ್ಚಿಬಿಡಿ.

ತೂತು ಎಲ್ಲಿ ಹಾಕಬೇಕು ಅನ್ನೋದೂ ಮುಖ್ಯ. ಲೋಹದಲ್ಲಿ ಅಂಚಿನಿಂದ ತೂತಿನ ನಡುವಿಗೆ ವ್ಯಾಸದ ಎರಡು ಪಟ್ಟು ಅಂತರ ಸಾಕು ಅನ್ನೋದು ವಾಡಿಕೆ. ಕಾರ್ಬನ್‌ಗೆ ಮೂರು ಪಟ್ಟು ಬಿಡಿ. 6 ಮಿಲಿಮೀಟರ್ ತೂತಿಗೆ 18 ಮಿಲಿಮೀಟರ್. ಎರಡು ತೂತಿನ ನಡುವೆ ನಾಲ್ಕೈದು ಪಟ್ಟು. ಬೋಲ್ಟಿನ ತಲೆ ಕೆಳಗೆ ಅಗಲವಾದ ವಾಷರ್ ಹಾಕಿ, ಅತಿಯಾಗಿ ಬಿಗಿಯಬೇಡಿ.

ಬೋಲ್ಟ್ ಯಾವ ಲೋಹದ್ದು ಅಂತಲೂ ನೋಡಿ. ಕಾರ್ಬನ್ ವಿದ್ಯುತ್ ಹರಿಸುತ್ತೆ. ಅಲ್ಯೂಮಿನಿಯಂ ಜತೆ ಅದು ನೇರವಾಗಿ ತಾಗಿ, ನಡುವೆ ಉಪ್ಪುನೀರು ಸೇರಿತು ಅಂದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ತಯಾರು. ಆ ಬ್ಯಾಟರಿಯಲ್ಲಿ ಕರಗೋದು ಅಲ್ಯೂಮಿನಿಯಂ. ಮಿಷಿಗನ್, ಟೊರಾಂಟೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಲ್ಲಿನವರಿಗೆ ಇದು ಕಿವಿಮಾತು. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟಾನಿಯಂ ಬೋಲ್ಟ್ ವಾಸಿ. ಅಲ್ಯೂಮಿನಿಯಂ ಭಾಗಕ್ಕೇ ಜೋಡಿಸಬೇಕಿದ್ದರೆ ನಡುವೆ ಒಂದು ಪದರ ಗಾಜಿನ ಎಳೆಯ ಬಟ್ಟೆಯನ್ನೋ ಸೀಲೆಂಟನ್ನೋ ಕೊಡಿ.

ಇಲ್ಲೊಂದು ಗೆರೆ ಎಳೆಯಲೇಬೇಕು. ಸ್ವಿಚ್ ಪಟ್ಟಿ, ಡಕ್ಟ್, ಮುಚ್ಚಳ, ಇವೆಲ್ಲ ಮನೆಯಲ್ಲಿ ಕೊರೆಯಿರಿ, ಖುಷಿಪಡಿ. ಸೀಟ್ ಬೆಲ್ಟಿನ ಬೋಲ್ಟು, ಸೀಟಿನ ಬುಡ, ಸ್ಟೀರಿಂಗ್, ಬ್ರೇಕ್ ಪೆಡಲ್, ಸಸ್ಪೆನ್ಷನ್, ಇವುಗಳ ಭಾರವನ್ನು ಮನೆಯಲ್ಲಿ ಕೊರೆದ ಹಾಳೆಯ ಮೇಲೆ ಬಿಡಬೇಡಿ. 70 ಕಿಲೋ ತೂಕದ ಮನುಷ್ಯ ಡಿಕ್ಕಿಯಲ್ಲಿ ಗುರುತ್ವದ 20 ಪಟ್ಟು ವೇಗತಗ್ಗುವಿಕೆಗೆ ಸಿಕ್ಕರೆ ಬೆಲ್ಟು ಎಳೆಯೋದು 1,400 ಕಿಲೋ ಭಾರದಷ್ಟು ಬಲದಿಂದ. ನಾಣ್ಯದ ಸದ್ದಿಗೆ ಸಿಗದ ಒಂದು ಸಣ್ಣ ಪದರ ಬಿರುಕು ಅಲ್ಲಿ ಸಾಕು. ವಿಮಾನ ಕಾರ್ಖಾನೆಗಳಲ್ಲಿ ಇಂಥ ಭಾಗಗಳನ್ನು ಅಲ್ಟ್ರಾಸೌಂಡ್ ಹಾಕಿ ನೋಡೋದು ಸುಮ್ಮನೆ ಅಲ್ಲ.

ಈಗ ಎರಡನೇ ಪ್ರಶ್ನೆ. ಹೊರಗೆ ಬಂದದ್ದು ಎಲ್ಲಿಗೆ ಹೋಯಿತು?

ಉಕ್ಕು ಕೊರೆದರೆ ಸುರುಳಿ ಬರುತ್ತೆ, ಕೆಳಗೆ ಬೀಳುತ್ತೆ. ಕಾರ್ಬನ್ ಕೊರೆದರೆ ಬರೋದು ಪುಡಿ. ನಮ್ಮ 6 ಮಿಲಿಮೀಟರ್ ತೂತಿನಿಂದ ಬರೋದು ಸುಮಾರು 85 ಮಿಲಿಗ್ರಾಂ. ಇಪ್ಪತ್ತು ತೂತಿಗೆ 1.7 ಗ್ರಾಂ. ಚಿಟಿಕೆಯಷ್ಟೇ, ಆದರೆ ಅದರಲ್ಲಿ ಹಗುರವಾದ ಪಾಲು ಗ್ಯಾರೇಜಿನ ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತಾ ಇರುತ್ತೆ.

"ಇದು ಕಲ್ನಾರಿನ ಹಾಗೇನಾ?" ಅಂತ ಎಲ್ಲರೂ ಕೇಳೋ ಪ್ರಶ್ನೆ. ಆಸ್ಬೆಸ್ಟಾಸ್ ಯಾಕೆ ಅಷ್ಟು ಅಪಾಯಕಾರಿ ಅಂತ ತಿಳಿದರೆ ಉತ್ತರ ಸಿಗುತ್ತೆ. ನಾವು ಉಸಿರೆಳೆದಾಗ 10 ಮೈಕ್ರಾನಿಗಿಂತ ದೊಡ್ಡ ಕಣಗಳು ಬಹುಪಾಲು ಮೂಗು, ಗಂಟಲಲ್ಲೇ ಅಂಟಿಕೊಳ್ಳುತ್ತವೆ. ಅಲ್ಲಿಂದ ಕೆಳಗಿನ ಗಾಳಿಕೊಳವೆಗಳಲ್ಲಿ ಲೋಳೆಯ ಹಾಸು ಇದೆ, ಸಣ್ಣ ರೋಮಗಳು ಅದನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ, ಸಿಕ್ಕಿಬಿದ್ದ ಧೂಳು ಕೆಮ್ಮಿನಲ್ಲೋ ನುಂಗುವಾಗಲೋ ಹೋಗಿಬಿಡುತ್ತೆ. ಸುಮಾರು 4 ಮೈಕ್ರಾನಿಗಿಂತ ಸಣ್ಣವು ಮಾತ್ರ ಶ್ವಾಸಕೋಶದ ತಳದ ಗಾಳಿಗೂಡುಗಳವರೆಗೆ ಇಳಿಯಬಲ್ಲವು. ಅಲ್ಲಿ ರೋಮಗಳಿಲ್ಲ. ಅಲ್ಲಿನ ಕಾವಲು ಮ್ಯಾಕ್ರೋಫೇಜ್ ಅನ್ನೋ ಭಕ್ಷಕ ಕೋಶದ್ದು, ಕಣವನ್ನು ನುಂಗಿ ಸಾಗಿಸೋದು ಅದರ ಕೆಲಸ. ಆ ಕೋಶದ ಗಾತ್ರವೇ ಸುಮಾರು 20 ಮೈಕ್ರಾನ್. ಅದಕ್ಕಿಂತ ಉದ್ದದ ಸೂಜಿ ಬಂದರೆ ನುಂಗಲೂ ಆಗಲ್ಲ, ಉಗುಳಲೂ ಆಗಲ್ಲ. ಒದ್ದಾಡುತ್ತಾ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತೆ. ಆಸ್ಬೆಸ್ಟಾಸ್ ಎಳೆ ಉದ್ದುದ್ದಕ್ಕೆ ಸೀಳಿ ಇನ್ನೂ ತೆಳ್ಳಗಾಗುತ್ತಾ ಹೋಗುತ್ತೆ, ಉದ್ದ ಹಾಗೇ ಇರುತ್ತೆ, ದಶಕಗಳಾದರೂ ಕರಗಲ್ಲ. ಅದರ ಕೇಡು ಅಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆ ಎಣಿಕೆಗೆ ತೆಗೆದುಕೊಳ್ಳುವ ಅಪಾಯದ ಎಳೆ ಅಂದರೆ 3 ಮೈಕ್ರಾನಿಗಿಂತ ತೆಳು, 5 ಮೈಕ್ರಾನಿಗಿಂತ ಉದ್ದ, ಉದ್ದ ದಪ್ಪದ ಮೂರು ಪಟ್ಟಿಗಿಂತ ಹೆಚ್ಚು ಇರುವಂಥದ್ದು. ನಮ್ಮ ಹಾಳೆಯ ಕಾರ್ಬನ್ ಎಳೆ 5ರಿಂದ 7 ಮೈಕ್ರಾನ್, ಮತ್ತು ಅದು ಸಾಮಾನ್ಯವಾಗಿ ಅಡ್ಡಡ್ಡಕ್ಕೆ ಮುರಿಯುತ್ತೆ. ಹಾಗಾಗಿ ಬಹುಪಾಲು ತುಂಡುಗಳು ಆಳಕ್ಕೆ ಇಳಿಯಲ್ಲ. ಕಲ್ನಾರಿಗೆ ಇದನ್ನು ಸಮ ಅನ್ನೋದು ತಪ್ಪು. ಹಾಗಂತ ಬರೀ ಮೂಗಲ್ಲಿ ನಿಂತು ಕೊರೆಯೋದೂ ತಪ್ಪೇ. ಕೊರೆದ ಪುಡಿಯಲ್ಲಿ ಪೂರ್ತಿ ಎಳೆ ಮಾತ್ರ ಇರಲ್ಲ. ಒಡೆದ ಚೂರುಗಳು, ನುಣ್ಣಗಾದ ಎಪಾಕ್ಸಿ ಧೂಳು ಇರುತ್ತೆ, ಅದರಲ್ಲಿ ಒಂದು ಪಾಲು ಗಾಳಿಗೂಡಿಗೆ ಇಳಿಯುವಷ್ಟು ಸಣ್ಣದೇ. ಮನೆಯಲ್ಲಿ ಮಾಡಿದ, ಇನ್ನೂ ಪೂರ್ತಿ ಒಣಗದ ಎಪಾಕ್ಸಿಯಾದರೆ ಚರ್ಮಕ್ಕೆ ಅಲರ್ಜಿ ತರಿಸಬಲ್ಲದು. ಒಮ್ಮೆ ಆ ಅಲರ್ಜಿ ಹತ್ತಿದರೆ ಮುಂದೆ ಸ್ವಲ್ಪ ತಾಗಿದರೂ ಮೈ ತುರಿಸುತ್ತೆ.

ಮಾಸ್ಕ್ ವಿಷಯ ಹೇಳಿಬಿಡೋಣ. ಬಟ್ಟೆ ಮಾಸ್ಕ್, ಸರ್ಜಿಕಲ್ ಮಾಸ್ಕ್ ಇದಕ್ಕೆ ಸಾಲದು. ಅಮೆರಿಕದಲ್ಲಿ ಪಿ100, ಯುರೋಪು ಮತ್ತು ಬ್ರಿಟನ್ನಿನಲ್ಲಿ ಎಫ್‌ಎಫ್‌ಪಿ3 ಅಂತ ಕೇಳಿ. ಗಡ್ಡ ಇದ್ದರೆ ಮಾಸ್ಕ್ ಮುಖಕ್ಕೆ ಕೂರಲ್ಲ, ಸಂದಿನಿಂದ ಗಾಳಿ ನುಗ್ಗುತ್ತೆ, ಫಿಲ್ಟರ್ ಎಷ್ಟು ಒಳ್ಳೆಯದಿದ್ದರೂ ಉಪಯೋಗ ಇಲ್ಲ. ಕಣ್ಣಿಗೆ ಮುಚ್ಚಿದ ಕನ್ನಡಕ, ಕೈಗೆ ಕೈಗವಸು. ಎಳೆಯ ಸಿಬಿರು ಚುಚ್ಚಿಕೊಂಡರೆ ತೆಗೆಯೋದು ಕಷ್ಟ, ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣಲ್ಲ.

ಧೂಳನ್ನು ಹುಟ್ಟುವಲ್ಲೇ ಹಿಡಿಯೋದು ಮಾಸ್ಕಿಗಿಂತಲೂ ಒಳ್ಳೆಯ ದಾರಿ. ಬ್ಯಾಟರಿ ಡ್ರಿಲ್ ಆದರೆ ತೂತಿನ ಮೇಲೆ ಆಗಾಗ ನೀರು ಸಿಂಪಡಿಸಿ. ತಂತಿ ಡ್ರಿಲ್ ಆದರೆ ನೀರು ಬೇಡ, ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮಿನ ಬಾಯನ್ನು ಬಿಟ್ಟಿನ ಪಕ್ಕದಲ್ಲೇ ಹಿಡಿಯಿರಿ. ಕೆಲಸ ಮುಗಿದ ಮೇಲೆ ಪೊರಕೆ ಹಾಕಬೇಡಿ, ಗಾಳಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಅಂಗಿ ಪ್ಯಾಂಟನ್ನು ಮಕ್ಕಳ ಬಟ್ಟೆ ಜತೆ ಒಗೆಯೋಕೆ ಹಾಕಬೇಡಿ. ಗ್ಯಾರೇಜು ಮನೆಗೆ ಅಂಟಿಕೊಂಡಿದ್ದರೆ ಒಳಬಾಗಿಲು ಮುಚ್ಚಿರಲಿ, ಮನೆಯ ಹೀಟರ್ ಗಾಳಿ ಗ್ಯಾರೇಜಿನಿಂದ ಎಳೆಯುತ್ತಾ ಅಂತಲೂ ನೋಡಿಕೊಳ್ಳಿ. ಕೊರೆಯೋರು ಮಾಸ್ಕ್ ಹಾಕಿರುತ್ತಾರೆ. ಅರ್ಧ ಗಂಟೆ ಬಿಟ್ಟು ಸೈಕಲ್ ತಗೊಳ್ಳೋಕೆ ಗ್ಯಾರೇಜಿಗೆ ಬರೋ ಮಗು ಹಾಕಿರಲ್ಲ.

ಇನ್ನೂ ಎರಡು ಮಾತು ಉಳಿದಿವೆ. ಈ ಪುಡಿ ವಿದ್ಯುತ್ ಹರಿಸುತ್ತೆ ಅಂದೆವಲ್ಲ. 1999ರಲ್ಲಿ ನೇಟೋ ಪಡೆ ಸರ್ಬಿಯಾದ ವಿದ್ಯುತ್ ಜಾಲವನ್ನು ಕೆಡವಿದ್ದು ಗ್ರಾಫೈಟ್ ಎಳೆಗಳನ್ನು ಉದುರಿಸೋ ಬಾಂಬ್‌ಗಳಿಂದ. ಅಷ್ಟು ದೊಡ್ಡದಾಗಿ ಅಲ್ಲದಿದ್ದರೂ ನಿಮ್ಮ ಚಾರ್ಜರ್, ಕಂಪ್ಯೂಟರ್, ಬಿಚ್ಚಿಟ್ಟ ಕಾರಿನ ವೈರಿಂಗ್ ಪಕ್ಕ ಕೊರೆದರೆ ಶಾರ್ಟ್ ಆಗಬಹುದು. ಎರಡನೆಯದು, ಉಳಿದ ತುಂಡುಗಳನ್ನು ಬೆಂಕಿಗೆ ಹಾಕಬೇಡಿ. ಅಂಟು ಸುಟ್ಟು ಎಳೆ ಬಿಡಿಯಾಗುತ್ತೆ, ಬೆಂಕಿಯಲ್ಲಿ ಎಳೆಯೂ ಸವೆದು ತೆಳ್ಳಗಾಗುತ್ತೆ. 7 ಮೈಕ್ರಾನ್ ಇದ್ದದ್ದು 3ಕ್ಕಿಂತ ಕೆಳಗೆ ಇಳಿದರೆ ಆಗಲೇ ಹೇಳಿದ ಅಪಾಯದ ಲೆಕ್ಕಕ್ಕೆ ಬಂದುಬಿಡುತ್ತೆ. ತುಂಡು, ಪುಡಿ ಎಲ್ಲವನ್ನೂ ಒದ್ದೆ ಮಾಡಿ, ದಪ್ಪ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ನಿಮ್ಮ ಊರಿನ ಕಸದ ನಿಯಮ ನೋಡಿ ಕೊಟ್ಟುಬಿಡಿ.

ಇಷ್ಟೆಲ್ಲ ಹೇಳಿದ್ದು ಹೆದರಿಸೋಕಲ್ಲ. ಕೈಯಾರೆ ಮಾಡಿದ ಕಪ್ಪು ಹಾಳೆ ಡ್ಯಾಶ್‌ಬೋರ್ಡಿನಲ್ಲಿ ಕೂತಾಗ ಆಗೋ ಸಂತೋಷ ನಮಗೂ ಗೊತ್ತು. ಹಿಂದೆ ಒಂದು ಹಲಗೆ, ಚೂಪಾದ ಬಿಟ್, ಮುಖಕ್ಕೆ ಸರಿಯಾದ ಮಾಸ್ಕ್, ಪಕ್ಕದಲ್ಲಿ ವ್ಯಾಕ್ಯೂಮ್, ಇಷ್ಟಕ್ಕೆ ಆಗೋ ಖರ್ಚು ಅನೇಕ ಸಲ ಹಾಳೆಯ ಬೆಲೆಗಿಂತ ಹೆಚ್ಚೇನೂ ಇರಲ್ಲ. ನಿಮ್ಮಲ್ಲಿ ಯಾರಾದರೂ ಹೀಗೆ ಭಾಗ ಮಾಡಿದ್ದರೆ ಯಾವ ಬಿಟ್ ಎಷ್ಟು ತೂತಿಗೆ ಬಂತು ಅಂತ ನಮಗೆ ಬರೆದು ತಿಳಿಸಿ, ಬೇರೆ ಕೇಳುಗರಿಗೂ ಉಪಯೋಗವಾದೀತು.